ಜೊನ್ನಗಿರಿ ಹೊಲದ ವಜ್ರ ನಿಜಕ್ಕೂ 150 ಕಿ.ಮೀ. ಕೆಳಗಿಂದ ಬಂದದ್ದಾ?

ಬಳ್ಳಾರಿ ಮಂಜ
ನಮ್ಮ ಸೋದರಮಾವನಿಗೆ ಒಂದು ಹುಚ್ಚು. ರೋಹಿಣಿ ಮಳೆ ಬಿದ್ದರೆ ಸಾಕು, ಬುತ್ತಿ ಕಟ್ಟಿಕೊಂಡು ಆಂಧ್ರದ ಕಡೆ ಹೊರಡುತ್ತಾರೆ. ಜೊನ್ನಗಿರಿ, ತುಗ್ಗಲಿ, ವಜ್ರಕರೂರು. ಮಳೆಗೆ ಮಣ್ಣು ತೊಳೆದು ಹೋದ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತಾರಲ್ಲ, ಪೇಪರಲ್ಲಿ ಓದಿರುತ್ತೀರಿ. ಮಾವ ಎಂಟು ವರ್ಷದಿಂದ ಹೋಗುತ್ತಿದ್ದಾರೆ. ಇಲ್ಲಿಯವರೆಗೆ ಸಿಕ್ಕಿದ್ದು ಬೆನ್ನುನೋವು.

ಈ ಸಲ ಬಟಾಣಿ ಗಾತ್ರದ ಒಂದು ಬಿಳಿ ಕಲ್ಲು ತಂದಿದ್ದಾರೆ. ಹತ್ತಿಯಲ್ಲಿ ಸುತ್ತಿ ದೇವರ ಮನೆಯಲ್ಲಿಟ್ಟು ದಿನಾ ಊದಿನಕಡ್ಡಿ ಬೆಳಗುತ್ತಿದ್ದಾರೆ. ಚೀಲದ ತಳದಲ್ಲಿ ಕೆಂಪು, ಕಪ್ಪು ಕಾಳು ಕಾಳಾದ ಪುಡಿ ಇತ್ತು. ಅದನ್ನು ಅತ್ತೆ ತುಳಸಿ ಕಟ್ಟೆಗೆ ಕೊಡವಿದರು.

ನನ್ನ ಪ್ರಶ್ನೆ ಬೇರೆ. ಅಲ್ಲಿ ಯಾರೋ ಕಾಲೇಜು ಹುಡುಗ ಸಿಕ್ಕಿದ್ದನಂತೆ. ಈ ವಜ್ರ ಇಲ್ಲಿ ಹುಟ್ಟಿದ್ದಲ್ಲ, 150 ಕಿ.ಮೀ. ಆಳದಿಂದ ಜ್ವಾಲಾಮುಖಿ ಹೊತ್ತು ತಂದದ್ದು ಅಂದನಂತೆ. ಅನಂತಪುರದಲ್ಲಿ ಜ್ವಾಲಾಮುಖಿಯಾ? ಬೆಟ್ಟ ಎಲ್ಲಿ? ಭೂಮಿ ಒಳಗೆ ಇರುವುದೆಲ್ಲ ಕುದಿಯುವ ಲಾವಾ ಆದರೆ ವಜ್ರ ಅದರಲ್ಲಿ ಸುಟ್ಟು ಹೋಗುವುದಿಲ್ವಾ? ಗೊತ್ತಿದ್ದವರು ಹೇಳಿ.

ಮೈಸೂರು ಪಾಕ
ಮಾವನ ಕಲ್ಲು ಬೆಣಚುಕಲ್ಲು. ಹತ್ತು ರೂಪಾಯಿ ಪಂಥ.

ಗುಂತಕಲ್ ಪ್ಯಾಸೆಂಜರ್
ನಮ್ಮ ಅಜ್ಜಿ ಊರು ಆ ಕಡೆಯೇ. ಪ್ರತಿ ಮಳೆಗಾಲ ಒಂದು ಸುದ್ದಿ: ಯಾರೋ ಕೂಲಿಯವನಿಗೆ ವಜ್ರ ಸಿಕ್ಕಿ ಮನೆ ಕಟ್ಟಿಸಿದ ಅಂತ. ಆ ಮನೆ ಯಾವಾಗಲೂ ಪಕ್ಕದ ಊರಲ್ಲೇ ಇರುತ್ತದೆ. ಪಕ್ಕದ ಊರಿಗೆ ಹೋದರೆ ಅದರ ಪಕ್ಕದ ಊರಲ್ಲಿ.

ಕಲ್ಲುಗಾತಿ
ಮಂಜ, ಆ ಹುಡುಗ ಹೇಳಿದ್ದು ಸರಿ. ನಾನು ಭೂವಿಜ್ಞಾನ ಓದುವಾಗ ವಜ್ರಕರೂರಿನ ಬಿಸಿಲಲ್ಲಿ ಹದಿನೈದು ದಿನ ಸುತ್ತಿಗೆ ಹಿಡಿದು ಓಡಾಡಿದ್ದೇನೆ.

ವಜ್ರ ಹೊತ್ತು ತರುವ ಆ ಜ್ವಾಲಾಮುಖಿ ಕಲ್ಲಿನ ಹೆಸರು ಕಿಂಬರ್ಲೈಟ್. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನಿಂದ 1887ರಲ್ಲಿ ಕಾರ್ವಿಲ್ ಲೂಯಿಸ್ ಎಂಬಾತ ಇಟ್ಟ ಹೆಸರು. ನೆಲದೊಳಗೆ ಇದು ಗಜ್ಜರಿ ಇಳಿಬಿಟ್ಟ ಹಾಗಿರುತ್ತದೆ. ಮೇಲೆ ಅಗಲ, ಕೆಳಗೆ ಹೋಗುತ್ತಾ ಕಿರಿದು, ಕೊನೆಗೆ ಬರೀ ಒಂದು ಸೀಳು.

ಬೆಟ್ಟ ಇಲ್ಲ, ಯಾಕೆಂದರೆ ಇದು ಬೆಟ್ಟ ಕಟ್ಟುವ ಜಾತಿಯದಲ್ಲ. ಸಿಡಿದು ಗುಂಡಿ ತೋಡುತ್ತದೆ, ಸುತ್ತ ಒಂದಿಷ್ಟು ಬೂದಿ ದಿಬ್ಬ ಬಿಡುತ್ತದೆ, ಅಷ್ಟೇ. ವಜ್ರಕರೂರಿನವು ಸಿಡಿದು ಸುಮಾರು 110 ಕೋಟಿ ವರ್ಷ ಆಯಿತು. ದಿಬ್ಬವೂ ಹೋಯಿತು, ಗುಂಡಿಯೂ ಹೋಯಿತು. ಗಜ್ಜರಿಯ ಕೆಳಗಿನ ತುಂಡು ಉಳಿದಿದೆ, ಅದರ ಮೇಲೆ ಶೇಂಗಾ ಬೆಳೆಯುತ್ತಾರೆ.

ಇನ್ನು ಲಾವಾ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಭೂಮಿ ಒಳಗೆ ಲಾವಾ ಸಮುದ್ರ ಇಲ್ಲ! ನಮ್ಮ ಕಾಲ ಕೆಳಗೆ ಸುಮಾರು 35 ಕಿ.ಮೀ. ತೊಗಟೆ, ಅಲ್ಲಿಂದ 2,900 ಕಿ.ಮೀ. ತನಕ ಮ್ಯಾಂಟಲ್. ಅದು ಕಲ್ಲು. ಮೇಲ್ಭಾಗದ್ದಂತೂ ಹಸಿರು ಕಲ್ಲು, ಆಲಿವಿನ್ ಅನ್ನುವ ಖನಿಜ ತುಂಬಿರುವುದು. ಬಿಸಿ ಇದೆ, ನಿಜ. ಆದರೆ ಮೇಲಿನ ಭಾರಕ್ಕೆ ಕರಗಲು ಆಗುತ್ತಿಲ್ಲ.

ಕಾಳಣ್ಣ
ಮೇಡಂ, ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಕಿತ್ತಳೆ ಬಣ್ಣದಲ್ಲಿ ಕುದಿಯುತ್ತಿರುವ ಚಿತ್ರ ನೋಡಿಯೇ ಬೆಳೆದವರು ನಾವು. ಗಟ್ಟಿ ಕಲ್ಲಾದರೆ ಖಂಡಗಳು ಅದರ ಮೇಲೆ ಸರಿಯುವುದು ಹೇಗೆ? ಗಟ್ಟಿ ಅಂದ ಮೇಲೆ ಗಟ್ಟಿ, ಹರಿಯುತ್ತದೆ ಅಂದ ಮೇಲೆ ದ್ರವ. ಎರಡೂ ಹೇಗೆ?

ರಾಯಚೂರು ಬಿಸಿಲು
ಡಾಂಬರು ನೋಡಿದ್ದೀರಾ? ರಸ್ತೆ ಪಕ್ಕ ಡ್ರಮ್ ಬಿದ್ದಿರುತ್ತದೆ. ಒಳಗಿನ ಗಡ್ಡೆಗೆ ಸುತ್ತಿಗೆಯಲ್ಲಿ ಹೊಡೆಯಿರಿ, ಗಾಜಿನ ಹಾಗೆ ಒಡೆಯುತ್ತದೆ. ಹಾಗೇ ಬಿಟ್ಟು ಒಂದು ಬೇಸಿಗೆ ಕಳೆದು ಬನ್ನಿ, ಡ್ರಮ್ಮಿಂದ ಹೊರಗೆ ನಾಲಿಗೆ ಚಾಚಿರುತ್ತದೆ. ಅವಸರದವರಿಗೆ ಗಟ್ಟಿ, ಕಾಯುವವರಿಗೆ ದ್ರವ.

ಕಲ್ಲುಗಾತಿ
ಬಿಸಿಲು ಅಣ್ಣ, ಇದನ್ನು ನಾಳೆಯಿಂದ ಕ್ಲಾಸಲ್ಲಿ ಬಳಸುತ್ತೇನೆ. ಮ್ಯಾಂಟಲ್ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ, ಹೆಚ್ಚೂಕಡಿಮೆ ಉಗುರು ಬೆಳೆಯುವ ವೇಗ.

ನಿವೃತ್ತ ಮೇಷ್ಟ್ರು
ಕಾಳಣ್ಣನವರೇ, ಪುಸ್ತಕದ ಚಿತ್ರಕ್ಕೆ ನಮ್ಮಂಥ ಮೇಷ್ಟ್ರುಗಳೂ ಹೊಣೆ. ನಾನೇ ಮೂವತ್ತು ವರ್ಷ ಹಾಗೆ ಪಾಠ ಮಾಡಿದೆ.

ಗಟ್ಟಿ ಅನ್ನುವುದಕ್ಕೆ ಸಾಕ್ಷಿ ಭೂಕಂಪದ ಅಲೆಗಳು. ಅವುಗಳಲ್ಲಿ ಒಂದು ಬಗೆಯ ಅಲೆ, ಎಸ್ ಅಲೆ ಅಂತ, ದ್ರವದೊಳಗೆ ಹೋಗುವುದೇ ಇಲ್ಲ. ಅದು ಮ್ಯಾಂಟಲ್ ದಾಟಿ ಆರಾಮಾಗಿ ಬರುತ್ತದೆ, ಅದರ ಕೆಳಗಿನ ತಿರುಳಿನ ಹೊರಭಾಗಕ್ಕೆ ಬಂದಾಗ ನಿಂತುಬಿಡುತ್ತದೆ. ಹಾಗಾಗಿ ಕರಗಿರುವುದು ತಿರುಳಿನ ಹೊರಭಾಗ, ಅದೂ ಕಬ್ಬಿಣ. 1909ರಲ್ಲಿ ಮೊಹೊರೊವಿಚಿಚ್ ತೊಗಟೆ ಮುಗಿಯುವ ಗೆರೆ ಗುರುತಿಸಿದರು. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಹೆಣ್ಣುಮಗಳು ತಿರುಳಿನ ನಡುವೆ ಮತ್ತೆ ಗಟ್ಟಿ ಗುಂಡು ಇದೆ ಅಂತ ತೋರಿಸಿದರು. ಎಲ್ಲವೂ ಅಲೆಗಳ ಲೆಕ್ಕದಿಂದಲೇ, ಯಾರೂ ಇಳಿದು ನೋಡಿದ್ದಲ್ಲ. ರಷ್ಯನ್ನರು ಕೋಲಾದಲ್ಲಿ ಹಟ ಹಿಡಿದು ಕೊರೆದರು. 12,262 ಮೀಟರ್‌ಗೆ ನಿಲ್ಲಿಸಬೇಕಾಯಿತು. ತೊಗಟೆಯನ್ನೂ ದಾಟಲಿಲ್ಲ.

ಕೋಲಾರದ ಮುನಿ
ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಅಲ್ಲಿ 3 ಕಿ.ಮೀ. ಮೀರಿ ಇಳಿದಿದ್ದಾರೆ. ಗೋಡೆಗೆ ಕೈ ಇಟ್ಟರೆ ಹಂಚಿನ ಮೇಲಿಟ್ಟ ಹಾಗೆ ಅನ್ನುತ್ತಿದ್ದರು. ಬಂಡೆ ತಾನಾಗೇ ಪಟ್ ಅಂತ ಸಿಡಿಯುತ್ತಿತ್ತಂತೆ, ಭಾರಕ್ಕೆ. ಬರೀ 3 ಕಿ.ಮೀ.ಗೆ ಇಷ್ಟು. 150 ಅಂದರೆ ಯೋಚನೆ ಮಾಡಿ.

ಬಳ್ಳಾರಿ ಮಂಜ
ಎಲ್ಲರಿಗೂ ಥ್ಯಾಂಕ್ಸ್. ಈಗ ಹೊಸ ಗೊಂದಲ. ಕೆಳಗೆಲ್ಲ ಗಟ್ಟಿ ಕಲ್ಲಾದರೆ, ಆ ಕಿಂಬರ್ಲೈಟ್ ಅನ್ನುವ ಕರಗಿದ್ದು ಎಲ್ಲಿಂದ ಬಂತು?

ಕಲ್ಲುಗಾತಿ
ಒಳ್ಳೆ ಪ್ರಶ್ನೆ. ಕಲ್ಲಿನಲ್ಲಿ ಸ್ವಲ್ಪ ಇಂಗಾಲದ ಡೈಆಕ್ಸೈಡ್, ಸ್ವಲ್ಪ ನೀರು ಸೇರಿಕೊಂಡರೆ ಅದು ಕರಗುವ ಬಿಸಿ ಕೆಳಗಿಳಿಯುತ್ತದೆ. ಮಂಜುಗಡ್ಡೆಗೆ ಉಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಆಗಲೂ ಪೂರ್ತಿ ಕರಗುವುದಿಲ್ಲ. ನೂರಕ್ಕೆ ಒಂದು ಪಾಲೋ, ಅದಕ್ಕೂ ಕಡಿಮೆಯೋ, ಕಾಳುಗಳ ಸಂದಿಯಲ್ಲಿ ಜಿನುಗುತ್ತದೆ. ಎಣ್ಣೆಗಿಂತ ತೆಳ್ಳಗಿನ ರಸ, ತುಂಬಾ ಗ್ಯಾಸ್. ಅದು ಒಂದೆಡೆ ಸೇರಿ ಬಿರುಕು ಸಿಕ್ಕಿದರೆ ಹೊರಟಿತು.

ಹೊರಟ ಮೇಲೆ ನಿಲ್ಲುವುದಿಲ್ಲ. ಸೆಕೆಂಡಿಗೆ 4ರಿಂದ 20 ಮೀಟರ್ ಅಂತ ಅಂದಾಜು. 150 ಕಿ.ಮೀ.ಗೆ ಲೆಕ್ಕ ಹಾಕಿದರೆ ಎರಡು ಗಂಟೆಯಿಂದ ಹತ್ತು ಗಂಟೆ.

ನಿಮ್ಮ ವಜ್ರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸುಡಲು ಗಾಳಿ ಬೇಕು, ಅಲ್ಲಿ ಗಾಳಿ ಇಲ್ಲ. ಆದರೆ ದಾರಿಯಲ್ಲಿ ಸಕ್ಕರೆ ಹಾಗೆ ಅಂಚು ಕರಗಬಹುದು, ನಿಧಾನ ಮಾಡಿದರೆ ಗ್ರಾಫೈಟ್ ಆಗಬಹುದು. ಮೊರಾಕ್ಕೊ ದೇಶದ ಬೆನಿ ಬೂಸೆರಾ ಅನ್ನುವ ಜಾಗದಲ್ಲಿ ಮ್ಯಾಂಟಲ್ ಕಲ್ಲಿನ ದೊಡ್ಡ ತುಂಡು ಆರಾಮಾಗಿ ಮೇಲೆ ಬಂದಿದೆ. ಅದರಲ್ಲಿ ಎಂಟು ಮುಖದ ಹರಳುಗಳಿವೆ, ಆಕಾರ ಥೇಟ್ ವಜ್ರದ್ದೇ. ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತದೆ.

ಮೈಸೂರು ಪಾಕ
ಲೇಟಾಗಿ ಬಂದ ವಜ್ರ ಪೆನ್ಸಿಲ್ ಕಡ್ಡಿ ಆಯಿತು.

ಗುಂತಕಲ್ ಪ್ಯಾಸೆಂಜರ್
ಎರಡು ಗಂಟೆಗೆ 150 ಕಿ.ಮೀ.? ನನ್ನ ಹೆಸರಿಗೇ ಅವಮಾನ.

ಸೋಡಾ ಸಿದ್ದ
ಇದರಲ್ಲಿ ಏನು ದೊಡ್ಡ ಗುಟ್ಟು? ಗೋಲಿ ಸೋಡಾ. ಬಾಟಲಿ ಒಳಗೆ ಒತ್ತಡ ಇರುವಾಗ ಗ್ಯಾಸ್ ಸುಮ್ನೆ ಕೂತಿರುತ್ತದೆ, ಗೋಲಿ ಒತ್ತಿದರೆ ಬುಸ್.

ಕಲ್ಲುಗಾತಿ
ಅರ್ಧ ಸರಿ ಸಿದ್ದಣ್ಣ. ಮೇಲೆ ಬಂದಾಗ ಭಾರ ಇಳಿದು ಬುಸ್ ಅನ್ನುವುದು ಸರಿ. ಆದರೆ 100 ಕಿ.ಮೀ. ಆಳದಲ್ಲಿ ಗೋಲಿ ಒತ್ತುವವರು ಯಾರು? ಅಲ್ಲಿನ್ನೂ ಸಿಕ್ಕಾಪಟ್ಟೆ ಭಾರ. ಅಷ್ಟು ಕೆಳಗಿಂದಲೇ ಓಟ ಶುರುವಾಗಬೇಕು, ಇಲ್ಲದಿದ್ದರೆ ಹೊತ್ತ ಕಲ್ಲುಗಳೆಲ್ಲ ದಾರಿಯಲ್ಲೇ ತಳ ಸೇರುತ್ತವೆ.

2012ರಲ್ಲಿ ಕೆನಡಾದ ರಸೆಲ್ ಮತ್ತು ತಂಡ ಇದಕ್ಕೊಂದು ದಾರಿ ತೋರಿಸಿತು. ನಿಮ್ಮ ಅಂಗಡಿಯದೇ ಉದಾಹರಣೆ ಕೊಡುತ್ತೇನೆ. ನಿಂಬೆ ಸೋಡಾಗೆ ಉಪ್ಪು ಹಾಕಿದ ಕೂಡಲೇ ಉಕ್ಕಿ ಟೇಬಲ್ ಮೇಲೆಲ್ಲ ಚೆಲ್ಲುತ್ತದಲ್ಲ? ಆ ರಸ ಬರುವ ದಾರಿಯಲ್ಲಿ ಗೋಡೆಯ ಕಲ್ಲನ್ನು ತಿನ್ನುತ್ತಾ ಬರುತ್ತದೆ. ಆರ್ಥೋಪೈರಾಕ್ಸೀನ್ ಅನ್ನುವ ಖನಿಜವನ್ನಂತೂ ಕಂಡಲ್ಲಿ ನುಂಗುತ್ತದೆ. ಅದರಿಂದ ರಸದಲ್ಲಿ ಸಿಲಿಕಾ ಜಾಸ್ತಿಯಾಗುತ್ತದೆ. ಸಿಲಿಕಾ ಜಾಸ್ತಿಯಾದರೆ ಗ್ಯಾಸ್‌ಗೆ ಒಳಗೆ ಜಾಗ ಇಲ್ಲ. ತಿಂದಷ್ಟೂ ಉಕ್ಕುತ್ತದೆ, ಉಕ್ಕಿದಷ್ಟೂ ಓಡುತ್ತದೆ.

ಸೋಡಾ ಸಿದ್ದ
ಉಪ್ಪು ಹಾಕಿದರೆ ಉಕ್ಕುವುದು ಉಪ್ಪಿನ ಕಾಳಿನ ಮೇಲೆ ಗುಳ್ಳೆ ಕಟ್ಟುವುದರಿಂದ. ಸಕ್ಕರೆ ಹಾಕಿದರೂ ಉಕ್ಕುತ್ತದೆ, ಮರಳು ಹಾಕಿದರೂ ಉಕ್ಕುತ್ತದೆ. ನೀವು ಹೇಳುತ್ತಿರುವುದು ರಸಾಯನದ ಮಾತು. ಎರಡೂ ಒಂದೇ ಅಲ್ಲ ಮೇಡಂ. ಸೋಡಾ ವಿಷಯದಲ್ಲಿ ನನ್ನನ್ನು ಕೇಳಿ.

ಕಲ್ಲುಗಾತಿ
ಒಪ್ಪಿದೆ! ನಿಂಬೆರಸಕ್ಕೆ ಅಡುಗೆ ಸೋಡಾ ಅಂತ ಓದಿಕೊಳ್ಳಿ.

ಪ್ಲೂಮ್ ಪ್ರಸಾದ
ಎಲ್ಲರೂ 150 ಕಿ.ಮೀ.ಗೇ ನಿಂತುಬಿಟ್ಟಿರಿ. ನಿಜವಾದ ಕಥೆ 2,900 ಕಿ.ಮೀ. ಕೆಳಗಿದೆ. ಮ್ಯಾಂಟಲಿನ ತಳದಲ್ಲಿ, ತಿರುಳಿಗೆ ತಾಗಿಕೊಂಡು ಎರಡು ಖಂಡದಷ್ಟು ದೊಡ್ಡ ಗುಡ್ಡೆಗಳಿವೆ. ಒಂದು ಆಫ್ರಿಕಾದ ಕೆಳಗೆ, ಇನ್ನೊಂದು ಪೆಸಿಫಿಕ್ ಕೆಳಗೆ. ಭೂಕಂಪದ ಅಲೆ ಅಲ್ಲಿ ನಿಧಾನ ಆಗುತ್ತದೆ. 2010ರಲ್ಲಿ ಟಾರ್ಸ್ವಿಕ್ ಮತ್ತು ಸಂಗಡಿಗರು ಖಂಡಗಳನ್ನು ಹಳೆಯ ಜಾಗಕ್ಕೆ ಸರಿಸಿ ಲೆಕ್ಕ ಹಾಕಿದರು. ಕಳೆದ 32 ಕೋಟಿ ವರ್ಷದ ಕಿಂಬರ್ಲೈಟುಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಸಿಡಿದದ್ದು ಆಫ್ರಿಕಾ ಗುಡ್ಡೆಯ ಅಂಚಿನ ನೇರಕ್ಕೆ. ಅಂಚಿನಿಂದ ಬಿಸಿ ಕಂಬ ಎದ್ದು ಬಂದು ಮೇಲಿನ ಕಲ್ಲನ್ನು ಕರಗಿಸಿತು. ಮುಗೀತು ಕಥೆ.

ಕಲ್ಲುಗಾತಿ
ಮುಗಿದಿಲ್ಲ ಪ್ರಸಾದರೇ. ಉಳಿದ 20 ಪಾಲು? ಕೆನಡಾದ ಎಷ್ಟೋ ಕಿಂಬರ್ಲೈಟು ಆ ಅಂಚಿನ ಹತ್ತಿರವೂ ಇರಲಿಲ್ಲ.

2023ರಲ್ಲಿ ಸೌತಾಂಪ್ಟನ್ನಿನ ಗೆರ್ನನ್ ತಂಡ ಬೇರೆಯೇ ಹೇಳಿತು. ಖಂಡ ಒಡೆದ ಮೇಲೆ ಸುಮಾರು 3 ಕೋಟಿ ವರ್ಷಕ್ಕೆ ಕಿಂಬರ್ಲೈಟ್ ಹೆಚ್ಚುತ್ತದೆ, ಅದೂ ಒಡೆದ ಅಂಚಿನಿಂದ ನಿಧಾನಕ್ಕೆ ಖಂಡದ ಒಳಗೆ ಸಾಗುತ್ತದೆ ಅಂತ. ಹಳೇ ಮನೆಯ ಗೋಡೆಯಲ್ಲಿ ಗಾರೆ ಒಂದು ಕಡೆ ಬಿಟ್ಟುಕೊಂಡರೆ ಪಕ್ಕದ್ದೂ ಪಕ್ಕದ್ದೂ ಉದುರುತ್ತಾ ಹೋಗುತ್ತದಲ್ಲ? ಹಾಗೆ ಖಂಡದ ಅಡಿಭಾಗ ಪದರು ಪದರಾಗಿ ಕಳಚುತ್ತಾ ಹೋಗುತ್ತದೆ. ಕಳಚಿದ ಜಾಗಕ್ಕೆ ಕೆಳಗಿನ ಬಿಸಿ ಕಲ್ಲು ಏರುತ್ತದೆ, ಅಲ್ಲಿ ರಸ ಹುಟ್ಟುತ್ತದೆ. ತಿರುಳಿನವರೆಗೆ ಹೋಗುವ ಅಗತ್ಯವೇ ಇಲ್ಲ. ನನಗೆ ಇದು ಜಾಸ್ತಿ ಸರಿ ಅನ್ನಿಸುತ್ತದೆ.

ಪ್ಲೂಮ್ ಪ್ರಸಾದ
ಆ ತಳದ ಗುಡ್ಡೆಯನ್ನು ಅಷ್ಟು ಹಗುರವಾಗಿ ಬಿಡಬೇಡಿ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮಟ್ಟ 106 ಮೀಟರ್ ತಗ್ಗಿದೆ, ಗುರುತ್ವ ಅಲ್ಲಿ ಕಡಿಮೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯ ಆತ್ರೇಯೀ ಘೋಷ್ ಮತ್ತು ದೇಬಾಂಜನ್ ಪಾಲ್ 2023ರಲ್ಲಿ ಇದಕ್ಕೆ ಕಾರಣ ಕೊಟ್ಟರು. ಹಿಂದೆ ಇಂಡಿಯಾ ಏಷ್ಯಾ ನಡುವೆ ಇದ್ದ ಟೆಥಿಸ್ ಸಮುದ್ರದ ತಳ ಮುಳುಗಿ ಆಫ್ರಿಕಾ ಗುಡ್ಡೆಯನ್ನು ಕೆಣಕಿತು, ಅಲ್ಲಿಂದ ಎದ್ದ ಬಿಸಿ ಕಲ್ಲು ಈ ತಗ್ಗಿಗೆ ಕಾರಣ ಅಂತ. ಅಂದರೆ ತಳದಲ್ಲಿ ಆದದ್ದು ಮೇಲೆ ಕಾಣುತ್ತದೆ.

ಕಾಳಣ್ಣ
ಸಮುದ್ರದಲ್ಲಿ ನೂರು ಮೀಟರ್ ತಗ್ಗಾ? ಹಡಗು ಜಾರುವುದಿಲ್ವಾ?

ನಿವೃತ್ತ ಮೇಷ್ಟ್ರು
ಜಾರುವುದಿಲ್ಲ. ನೀರು ಹಾಗೆ ನಿಂತಿರುವುದೇ ಅಲ್ಲಿನ ಸಮಮಟ್ಟ.

ಬಳ್ಳಾರಿ ಮಂಜ
ಹಾಗಾದರೆ ವಜ್ರಕರೂರಿನದ್ದು ಗೊಂಡ್ವಾನ, ಅದೇ ಇಂಡಿಯಾ ಆಫ್ರಿಕಾ ಎಲ್ಲ ಕೂಡಿದ್ದ ಹಳೇ ಖಂಡ, ಒಡೆದಾಗಿನದಾ?

ಕಲ್ಲುಗಾತಿ
ಅಲ್ಲವೇ ಅಲ್ಲ. ಗೊಂಡ್ವಾನ ಒಡೆದದ್ದು ನಿನ್ನೆ ಮೊನ್ನೆ, 20 ಕೋಟಿ ವರ್ಷದೊಳಗೆ. ಇದು 110 ಕೋಟಿ. ಆಗ ರೊಡೀನಿಯಾ ಎಂಬ ಖಂಡ ಒಡೆಯುತ್ತಿರಲಿಲ್ಲ, ಕೂಡಿಕೊಳ್ಳುತ್ತಿತ್ತು. ಹಾಗಾಗಿ ನಾನು ಮೇಲೆ ಹೊಗಳಿದ ಗೆರ್ನನ್ ಲೆಕ್ಕ ನಮ್ಮ ಊರಿಗೆ ಸುಲಭವಾಗಿ ಕೂರುವುದಿಲ್ಲ. ಪ್ರಸಾದರು ನಗಬಹುದು.

ಜಾಗದ ಮಾತಿಗೆ ಒಂದು ನಿಯಮ ಇದೆ. 1966ರಲ್ಲಿ ಕ್ಲಿಫರ್ಡ್ ಹೇಳಿದ್ದು. ವಜ್ರ ಇರುವ ಕಿಂಬರ್ಲೈಟ್ ಸಿಗುವುದು ತೀರಾ ಹಳೆಯ ನೆಲದಲ್ಲಿ, 250 ಕೋಟಿ ವರ್ಷಕ್ಕೂ ಹಿಂದಿನ ಕ್ರೇಟಾನ್‌ಗಳಲ್ಲಿ. ಅವಕ್ಕೆ ಆಳವಾದ ತಣ್ಣನೆಯ ಬೇರು ಇರುತ್ತದೆ. ವಜ್ರ ಹುಟ್ಟಲು ಭಾರವೂ ಬೇಕು, ತೀರಾ ಬಿಸಿಯೂ ಇರಬಾರದು. ಆ ಬೇರೇ ಅದಕ್ಕೆ ಉಗ್ರಾಣ. ಕಿಂಬರ್ಲೈಟ್ ಬರೀ ಲಾರಿ, ಉಗ್ರಾಣದ ಮಾಲು ಹೇರಿಕೊಂಡು ಬರುತ್ತದೆ. ಎಷ್ಟೋ ವಜ್ರ ತನ್ನನ್ನು ಹೊತ್ತು ತಂದ ಕಲ್ಲಿಗಿಂತ 200 ಕೋಟಿ ವರ್ಷ ಹಿರಿಯದು.

ನಮ್ಮದು ಧಾರವಾಡ ಕ್ರೇಟಾನ್. ತಮಾಷೆ ಅಂದರೆ ಅದರ ಹಳೆಯ ಭಾಗ ಪಶ್ಚಿಮದ್ದು, ಚಿತ್ರದುರ್ಗ, ಹಾಸನದ ಕಡೆ. ಕಿಂಬರ್ಲೈಟು ಇರುವುದು ಪೂರ್ವದಲ್ಲಿ.

ರಾಯಚೂರು ಬಿಸಿಲು
ನಮ್ಮ ಜಿಲ್ಲೆ ಬಿಟ್ಟಿರಲ್ಲ ಅಕ್ಕ. ರಾಯಚೂರು, ನಾರಾಯಣಪೇಟೆ ಪಟ್ಟಿಯಲ್ಲೂ ಕಿಂಬರ್ಲೈಟ್ ಇದೆ, ಸರ್ಕಾರದ ಭೂವಿಜ್ಞಾನ ಸರ್ವೇಕ್ಷಣೆ, ಜಿಎಸ್‌ಐನವರು ಗುರುತಿಸಿದ್ದಾರೆ.

ಕಲ್ಲುಗಾತಿ
ಹೌದು, ಇದೆ. ಆದರೆ ಕಿಂಬರ್ಲೈಟ್ ಇದ್ದ ಮಾತ್ರಕ್ಕೆ ವಜ್ರ ಇರಬೇಕು ಅಂತಿಲ್ಲ. ಹೆಚ್ಚಿನ ಲಾರಿಗಳು ಖಾಲಿ.

ರಾಯಚೂರು ಬಿಸಿಲು
ನಮ್ಮ ಹಣೆಬರಹ. ಬಿಸಿಲು ಮಾತ್ರ ಲೋಡುಗಟ್ಟಲೆ.

ಹಂಪಿ ಹನುಮ
ವಜ್ರ ಅಂದ ಮೇಲೆ ಹಂಪಿ ಬಜಾರು ನೆನೆಯದಿದ್ದರೆ ಹೇಗೆ? ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರಿದ ಜಾಗ. ಕೊಹಿನೂರ್ ಕೂಡ ವಜ್ರಕರೂರಿನದೇ.

ನಿವೃತ್ತ ಮೇಷ್ಟ್ರು
ಕೊಹಿನೂರ್ ವಜ್ರಕರೂರಿನದಲ್ಲ ಹನುಮ. ಕೃಷ್ಣಾ ದಂಡೆಯ ಕೊಲ್ಲೂರಿನದು ಅಂತ ಹೇಳಿಕೆ. ಅಲ್ಲಿ ಸಿಗುತ್ತಿದ್ದದ್ದು ಹೊಳೆ ಜಲ್ಲಿಯಲ್ಲಿ. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಸಿಗುವ ತನಕ ಜಗತ್ತಿಗೆ ವಜ್ರ ಕೊಟ್ಟದ್ದು ಬಹುಪಾಲು ನಾವೇ. ಹಾಗಿದ್ದೂ ಅದು ಯಾವ ಕಲ್ಲಿನಿಂದ ಬರುತ್ತದೆ ಅಂತ ಗೊತ್ತಾಗಿದ್ದು 1870ರ ಸುಮಾರಿಗೆ, ಕಿಂಬರ್ಲಿಯಲ್ಲಿ. ಅಲ್ಲಿ ಮೊದಲು ಹಳದಿ ಮಣ್ಣು ಅಗೆದರು. ಕೆಳಗೆ ನೀಲಿ ಗಟ್ಟಿ ನೆಲ ಬಂದಾಗ ವಜ್ರ ಮುಗಿಯಿತು ಅಂತ ಎಷ್ಟೋ ಜನ ಜಾಗ ಮಾರಿ ಹೋದರಂತೆ. ನೀಲಿಯೇ ಅಸಲಿ ಕಿಂಬರ್ಲೈಟ್. ಹಳದಿ ಅದು ಕೊಳೆತು ಆದ ಮಣ್ಣು.

ಬೋಟ್ಸ್ವಾನಾ ಭಟ್ಟ
ಇಲ್ಲಿ ಲೆಕ್ಕಪತ್ರದ ಕೆಲಸ ನನ್ನದು, ಕಲ್ಲು ಗೊತ್ತಿಲ್ಲ. ಆದರೆ ಈ ದೇಶದ ಜ್ವಾನೆಂಗ್ ಗಣಿಯ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮೇಲೆಲ್ಲ ಕಲಹಾರಿ ಮರಳು. ಕೆಳಗಿನ ಕಿಂಬರ್ಲೈಟ್ ಕಾಣುವುದೇ ಇಲ್ಲ. ಗೆದ್ದಲು ಹಸಿಮಣ್ಣಿಗೆ ಆಳಕ್ಕೆ ಇಳಿದು, ಅಲ್ಲಿಂದ ಕಾಳು ಹೊತ್ತು ತಂದು ಹುತ್ತ ಕಟ್ಟಿತ್ತಂತೆ. ಹುತ್ತದ ಮಣ್ಣು ಜರಡಿ ಹಿಡಿದವರಿಗೆ ಕಿಂಬರ್ಲೈಟ್ ಜೊತೆ ಬರುವ ಗಾರ್ನೆಟ್, ಇಲ್ಮನೈಟ್ ಅನ್ನುವ ಖನಿಜದ ಕಾಳು ಸಿಕ್ಕಿತು. ಅದರ ಜಾಡು ಹಿಡಿದು 1970ರ ದಶಕದಲ್ಲಿ ಗಣಿ ಪತ್ತೆಯಾಯಿತು. ಬೆಲೆಯ ಲೆಕ್ಕದಲ್ಲಿ ಲೋಕದ ಅತಿ ಸಿರಿವಂತ ವಜ್ರ ಗಣಿಗಳಲ್ಲಿ ಒಂದು.

ಕಾಳಣ್ಣ
ನಮ್ಮಲ್ಲೂ ಹುತ್ತ ಇದ್ದಲ್ಲಿ ನೀರು ಅಂತಾರೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಇದೆ. ನಮ್ಮ ತೋಟದಲ್ಲಿ ಹುತ್ತದ ಪಕ್ಕ ಬೋರ್ ಹಾಕಿಸಿದೆ. 600 ಅಡಿ. ಬರೀ ಧೂಳು.

ಮೈಸೂರು ಪಾಕ
ಆ ಹುತ್ತದ ಗೆದ್ದಲು ವರಾಹಮಿಹಿರನನ್ನು ಓದಿರಲಿಲ್ಲ.

ಪ್ಲೂಮ್ ಪ್ರಸಾದ
ವಿಷಯಕ್ಕೆ ಬನ್ನಿ. ಕ್ರೇಟಾನ್‌ಗೆ ಆಳದ ಬೇರು ಅಂದಿರಿ. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು 2007ರಲ್ಲಿ ಅಲೆ ಅಳೆದು ಭಾರತದ ಫಲಕ ಬರೀ 100 ಕಿ.ಮೀ. ದಪ್ಪ ಅಂದರು. ಅದಕ್ಕೇ ಇಂಡಿಯಾ ಅಷ್ಟು ವೇಗವಾಗಿ ಏಷ್ಯಾಕ್ಕೆ ಓಡಿ ಬಂತು ಅಂದರು. 100ರಲ್ಲಿ ವಜ್ರ ಎಲ್ಲಿ ಹುಟ್ಟುತ್ತದೆ?

ಕಲ್ಲುಗಾತಿ
ಇದಕ್ಕೇ ನನಗೆ ಕಿಂಬರ್ಲೈಟ್ ಮೇಲೆ ಪ್ರೀತಿ. ಅಲೆ ಹೇಳುವುದು ಇವತ್ತಿನ ಮಾತು. ವಜ್ರಕರೂರಿನ ಕಲ್ಲುಗಳೊಳಗೆ ಮ್ಯಾಂಟಲಿನ ತುಂಡುಗಳು ಸಿಕ್ಕಿಕೊಂಡಿವೆ, ಅವು ಹೇಳುವುದು 110 ಕೋಟಿ ವರ್ಷದ ಹಿಂದಿನ ಮಾತು. ಅವುಗಳಲ್ಲಿನ ಗಾರ್ನೆಟ್ ಎಷ್ಟು ಭಾರದಲ್ಲಿ ಬೆಳೆದಿತ್ತು ಅಂತ ಅಳೆದರೆ ಆಗ ಬೇರು 150 ಕಿ.ಮೀ.ಗಿಂತ ಆಳ ಇತ್ತು. 2007ರವರ ವಾದವೂ ಅದೇ. ಮೊದಲು ದಪ್ಪ ಇತ್ತು, ಗೊಂಡ್ವಾನ ಒಡೆಯುವಾಗ ಅಡಿ ಕಳಚಿತು ಅಂತ. ಈಗಲೂ ದಪ್ಪವೇ ಇದೆ ಅನ್ನುವವರೂ ಇದ್ದಾರೆ, ಜಗಳ ನಿಂತಿಲ್ಲ. ಆದರೆ ಆ ತುಂಡುಗಳಿಲ್ಲದಿದ್ದರೆ ಜಗಳವಾಡಲೂ ನಮಗೆ ಏನೂ ಇರುತ್ತಿರಲಿಲ್ಲ.

ಬ್ರೆಜಿಲಿನ ಜುಯೀನಾದಲ್ಲಿ ಸಿಕ್ಕ ಒಂದು ಕಂದು ವಜ್ರ ಇದೆ. 3 ಮಿಲಿಮೀಟರ್, ಕೊಳಕು, ಸುಮಾರು 20 ಡಾಲರ್ ಕೊಟ್ಟು ತಂದದ್ದು. ಒಡವೆ ಅಂಗಡಿಯವರು ಮುಟ್ಟುವುದಿಲ್ಲ. ಅದರೊಳಗೆ ರಿಂಗ್‌ವುಡೈಟ್ ಅನ್ನುವ ಖನಿಜದ ಒಂದು ಚೂರು ಸಿಕ್ಕಿತು. 500 ಕಿ.ಮೀ.ಗೂ ಕೆಳಗೆ ಮಾತ್ರ ಇರುವಂಥದ್ದು. ಭೂಮಿಯದು ಅಂತ ಅದೇ ಮೊದಲು ಕೈಗೆ ಸಿಕ್ಕಿದ್ದು, 2014ರಲ್ಲಿ ಪ್ರಕಟವಾಯಿತು. ಅದರೊಳಗೆ ತೂಕದ ನೂರಕ್ಕೆ ಸುಮಾರು ಒಂದೂವರೆ ಪಾಲು ನೀರು!

ಕೋಲಾರದ ಮುನಿ
ಇನ್ನು ಸಿಡಿಯುವುದಿಲ್ವಾ ಇದು? ನಮ್ಮ ಮನೆ ಕೆಳಗೆ?

ಕಲ್ಲುಗಾತಿ
ತೀರಾ ಈಚಿನದು ತಾಂಜಾನಿಯಾದ ಇಗ್ವಿಸಿ ಗುಡ್ಡಗಳು, ಸುಮಾರು 12,000 ವರ್ಷ ಹಿಂದೆ. ಮನೆ ಸಾಲ ತೀರಿಸುವುದನ್ನು ನಿಲ್ಲಿಸಬೇಡಿ.

ಮಂಜ, ಕಲ್ಲು ಪರೀಕ್ಷೆ ಮಾಡಿಸಿದಿರಾ? ಗಾಜು ಗೀರಿ ನೋಡಬೇಡಿ, ಬೆಣಚುಕಲ್ಲೂ ಗಾಜು ಗೀರುತ್ತದೆ. ಅಕ್ಕಸಾಲಿಗರ ಹತ್ತಿರ ಹೋಗಿ. ಮೊದಲು ಸುಮ್ನೆ ತೂಗಿಸಿ, ಆಮೇಲೆ ದಾರ ಕಟ್ಟಿ ನೀರೊಳಗೆ ಮುಳುಗಿಸಿ ತೂಗಿಸಿ. ಎಷ್ಟು ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಿ. 3.5 ಬಂದರೆ ನನಗೆ ಫೋನ್ ಮಾಡಿ. 2.65 ಬಂದರೆ ಮೈಸೂರು ಪಾಕರಿಗೆ ಹತ್ತು ರೂಪಾಯಿ ಕೊಡಿ.

ಬಳ್ಳಾರಿ ಮಂಜ
ಹೋಗಿ ಬಂದೆ. 0.53 ಗ್ರಾಂ. ನೀರಲ್ಲಿ 0.33. ಮಾವ ಜೊತೆಗಿದ್ದರು. ಅಕ್ಕಸಾಲಿಗರ ತಕ್ಕಡಿ ಸರಿಯಿಲ್ಲ ಅಂತ ವಾದ ಮಾಡಿ, ಇನ್ನೊಂದು ಅಂಗಡಿಗೂ ಹೋದೆವು. ಆ ತಕ್ಕಡಿಯೂ ಸರಿಯಿಲ್ಲವಂತೆ.

ಮೈಸೂರು ಪಾಕ
0.53 ಭಾಗಿಸು 0.20. ಯುಪಿಐ ಕಳಿಸಲಾ?

ಕಲ್ಲುಗಾತಿ
ಬೇಜಾರಾಗಬೇಡಿ ಅಂತ ಮಾವನಿಗೆ ಹೇಳಿ. ಒಂದು ನಿಮಿಷ. ನಿಮ್ಮ ಮೊದಲ ಪೋಸ್ಟ್ ಮತ್ತೆ ಓದಿದೆ. ಚೀಲದ ತಳದಲ್ಲಿ ಕೆಂಪು, ಕಪ್ಪು ಕಾಳು ಅಂದಿರಲ್ಲ, ಆ ಕೆಂಪು ಎಂಥ ಕೆಂಪು? ಇಟ್ಟಿಗೆಯದಾ, ನೇರಳೆ ಹಣ್ಣಿನ ರಸದ್ದಾ?

ಬಳ್ಳಾರಿ ಮಂಜ
ನೇರಳೆ ಅಂತಲೇ ಹೇಳಬಹುದು. ಬೆಳಕಿಗೆ ಹಿಡಿದಾಗ ಹಾಗೇ ಕಂಡಿತ್ತು. ಯಾಕೆ?

ಕಲ್ಲುಗಾತಿ
ಕಣ್ಣಲ್ಲಿ ನೋಡಿ ಖಚಿತ ಹೇಳಲು ಆಗುವುದಿಲ್ಲ, ಅದರಲ್ಲಿ ಕ್ರೋಮಿಯಂ ಎಷ್ಟಿದೆ ಅಂತ ಲ್ಯಾಬಲ್ಲಿ ನೋಡಬೇಕು. ಸುತ್ತಲಿನ ಸಾದಾ ಕಲ್ಲಿನ ಗಾರ್ನೆಟ್ಟೂ ಇರಬಹುದು. ಆದರೆ ಆ ಬಣ್ಣದ್ದು ಮ್ಯಾಂಟಲಿನ ಪೈರೋಪ್ ಗಾರ್ನೆಟ್ ಇರುವ ಸಾಧ್ಯತೆ ಇದೆ. ಕಪ್ಪು ಕಾಳು ಇಲ್ಮನೈಟ್ ಇರಬಹುದು. ಬೋಟ್ಸ್ವಾನಾದ ಗೆದ್ದಲು ಹೊತ್ತು ತಂದದ್ದೂ ಅವನ್ನೇ. ಹಾಗಿದ್ದರೆ ನಿಮ್ಮ ಮನೆಯಲ್ಲಿ ಅಷ್ಟು ಆಳದಿಂದ ಬಂದದ್ದು ಅವೇ. ದೇವರ ಮನೆಯಲ್ಲಿರುವುದಲ್ಲ.

ರಾಯಚೂರು ಬಿಸಿಲು
ಅತ್ತೆ ಅದನ್ನು ತುಳಸಿಗೆ ಹಾಕಿದರು ಅಲ್ವಾ? 😀

ಬಳ್ಳಾರಿ ಮಂಜ
ಹೌದು. ಈಗ ಕಟ್ಟೆ ಮುಂದೆ ಟೀ ಸೋಸುವ ಜರಡಿ ಹಿಡಿದು ಕೂತಿದ್ದೇನೆ. ಅತ್ತೆ ಬೈಯುತ್ತಿದ್ದಾರೆ. ಇಲ್ಲಿಯವರೆಗೆ ಏಳು ಕಾಳು ಸಿಕ್ಕಿವೆ. ಮೇಡಂ, ಎಲ್ಲಿಗೆ ಕಳಿಸಲಿ?